ಸಿಂಧುವಿನ ಸಕಾರ ಎಲ್ಲಿ ಹೋಯಿತು?

ಪ್ರಶ್ನೆ: ‘ಇಂಡಿಯಾ’ ಇಂಗ್ಲಿಷರು ಇಟ್ಟ ಹೆಸರೆಂದು ನಮ್ಮ ಮನೆಯ ಹಿರಿಯರು ಹೇಳುತ್ತಾರೆ. ಸಿಂಧು ನದಿಯಿಂದ ಬಂದದ್ದೆಂದು ಮಗಳು ಓದಿದ್ದಾಳೆ. ಹಾಗಾದರೆ ಮೊದಲಿನ ಸಕಾರ ಏನಾಯಿತು? ಭಾರತ, ಜಂಬೂದ್ವೀಪ ಎಂಬ ಹೆಸರುಗಳು ಇದಕ್ಕಿಂತ ಹಳೆಯವೇ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಮಗಳು ಓದಿದ್ದು ಸರಿ. ಸಕಾರದ ಜಾಡು ಹಿಡಿಯಲು ತಾವು ಕಾಸರಗೋಡು ದಾಟಿ ಹೋಗಬೇಕಾಗಿಲ್ಲ. ತುಳುವಿನಲ್ಲಿ ತಲೆಗೆ ‘ತರೆ’ ಎನ್ನುವವರೂ, ‘ಸರೆ’ ಎನ್ನುವವರೂ, ‘ಹರೆ’ ಎನ್ನುವವರೂ ಇದ್ದಾರೆ. ಸಕಾರ ಸಡಿಲಗೊಂಡು ಹಕಾರವಾಗುವುದು ಮನುಷ್ಯರ ನಾಲಿಗೆಗೆ ಅಷ್ಟು ಸಹಜ. ಪ್ರಾಚೀನ ಇರಾನಿನ ಭಾಷೆಗಳಲ್ಲಿ ಇದು ಹೆಚ್ಚುಕಡಿಮೆ ನಿಯಮವೇ ಆಗಿತ್ತು. ನಮ್ಮ ಸೋಮಕ್ಕೆ ಅಲ್ಲಿ ಹವೋಮ, ಅಸುರನಿಗೆ ಅಹುರ. ಪೇಟೆಯಲ್ಲಿ ಕೇಳಿಬರುವ ‘ಹಫ್ತಾ’ ಪಾರಸಿಯಲ್ಲಿ ವಾರ, ಎಂದರೆ ಏಳು ದಿನ. ಅದರಲ್ಲಿರುವ ‘ಹಫ್ತ್’ ನಮ್ಮ ‘ಸಪ್ತ’ದ ಒಡಹುಟ್ಟು. ಸಿಂಧು ಹಿಂದುವಾದದ್ದು ಇದೇ ದಾರಿಯಲ್ಲಿ. ಕ್ರಿ.ಪೂ. 522ರಿಂದ 486ರವರೆಗೆ ಆಳಿದ ಪರ್ಷಿಯಾದ ದೊರೆ ದಾರಿಯಸನ ಶಾಸನಗಳಲ್ಲಿ ‘ಹಿಂದುಶ್’ ಎಂದಿರುವುದು ಸಿಂಧೂ ತೀರದ ಪ್ರಾಂತದ ಹೆಸರು. ಮತದ ಸೋಂಕೇ ಆ ಪದಕ್ಕೆ ಆಗ ಇರಲಿಲ್ಲ. ಪರ್ಷಿಯನ್ನರಿಂದ ಅದನ್ನು ಪಡೆದ ಅಯೋನಿಯಾದ ಗ್ರೀಕರ ಮಾತಿನಲ್ಲಿ ಹಕಾರವೂ ಉದುರಿ ನದಿ ‘ಇಂದೋಸ್’ ಆಯಿತು, ನಾಡು ‘ಇಂದಿಯಾ’ ಆಯಿತು. ಕ್ರಿ.ಪೂ. 5ನೆಯ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ನಮ್ಮವರನ್ನು ಕರೆಯುವುದೇ ‘ಇಂದೋಯ್’ ಎಂದು. ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿ ಹುಟ್ಟಿದ್ದು 1600ರಲ್ಲಿ. ಎರಡು ಸಾವಿರ ವರ್ಷ ಮೊದಲೇ ಇದ್ದ ಹೆಸರನ್ನು ಅವರ ಕೊಡುಗೆಯೆಂದು ಒಪ್ಪಿಕೊಳ್ಳಲು ನನ್ನ ಮನಸ್ಸಂತೂ ಒಡಂಬಡದು.

ಇನ್ನು ಭಾರತದ ಮಾತು. ಭರತರು ಋಗ್ವೇದದಲ್ಲಿ ಬರುವ ಒಂದು ಜನ. ಅವರ ಅರಸ ಸುದಾಸ ಪರುಷ್ಣಿಯ, ಎಂದರೆ ಇಂದಿನ ರಾವಿ ನದಿಯ, ದಡದಲ್ಲಿ ಹತ್ತು ಅರಸರನ್ನು ಗೆದ್ದವನು. ಪುರಾಣಗಳು ನಾಡಿನ ಹೆಸರನ್ನು ಋಷಭನ ಮಗ ಭರತನಿಗೆ ಜೋಡಿಸುತ್ತವೆ, ಮಹಾಭಾರತ ದುಷ್ಯಂತನ ಮಗನನ್ನು ಹೇಳುತ್ತದೆ. ಜೈನರಿಗೆ ಆ ಋಷಭಪುತ್ರನೇ ಬಾಹುಬಲಿಯ ಅಣ್ಣ. ಕಾರ್ಕಳದ ಬೆಟ್ಟದ ಮೇಲೆ 1432ರಿಂದ ನಿಂತಿರುವ ಗೊಮ್ಮಟನ ಅಣ್ಣನೆಂದರೆ ನಮ್ಮ ಕಡೆಯವರಿಗೆ ಬೇಗ ಗುರುತಾಗುತ್ತದೆ. ನಾಡಿನ ಹೆಸರಾಗಿ ‘ಭರಧವಸ’ ಎಂಬ ರೂಪ ಒಡಿಶಾದ ಹಾಥಿಗುಂಫಾ ಗುಹೆಯ, ದೊರೆ ಖಾರವೇಲನ ಶಾಸನದಲ್ಲಿದೆ.

ಜಂಬೂದ್ವೀಪ ಅದಕ್ಕೂ ಮೊದಲೇ, ಕ್ರಿ.ಪೂ. 3ನೆಯ ಶತಮಾನದಲ್ಲಿ, ಕನ್ನಡ ನೆಲದ ಬಂಡೆಯನ್ನೇ ಏರಿದೆ: ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಅಶೋಕ ಶಾಸನದಲ್ಲಿ ‘ಜಂಬುದೀಪಸಿ’, ಜಂಬೂದ್ವೀಪದಲ್ಲಿ, ಎಂದು ಕೊರೆದಿದೆ. ಸಂಕಲ್ಪದಲ್ಲಿ ಪುರೋಹಿತರು ಇಂದಿಗೂ ‘ಜಂಬೂದ್ವೀಪೇ ಭರತವರ್ಷೇ’ ಎನ್ನುವುದನ್ನು ತಾವು ಕೇಳಿಯೇ ಇರುತ್ತೀರಿ. ಈ ಜಂಬೂ ನಮ್ಮ ಅಂಗಳದ ನೀರುನೀರಾದ ಜಂಬುನೇರಳೆಯಲ್ಲ. ತಿಂದರೆ ನಾಲಿಗೆ ನೀಲಿಯಾಗುವ ಕಪ್ಪು ನೇರಳೆ.