ಗೆಡ್ ಮೇಕೆ ಕಾಯಲು ಹೋದದ್ದೇಕೆ?

ಪ್ರಶ್ನೆ: ಉರ್ಸುಲಾ ಲೆ ಗ್ವಿನ್ ಅವರ ಅರ್ಥ್‌ಸೀ ಎಂಬ ಕಲ್ಪಿತ ದ್ವೀಪಲೋಕದ ಕಾದಂಬರಿಗಳಲ್ಲಿ ಮೊದಲ ಮೂರನ್ನು ಮಗಳ ಜೊತೆ ಕೂತು ಓದಿದೆ. ಇಬ್ಬರಿಗೂ ಹುಚ್ಚು ಹಿಡಿಯಿತು. ನಾಲ್ಕನೆಯದು, ‘ಟೆಹಾನು’, ಅರ್ಧಕ್ಕೇ ನಿಂತಿದೆ. ಅಷ್ಟು ದೊಡ್ಡ ಮಾಂತ್ರಿಕ ಗೆಡ್ ಶಕ್ತಿ ಕಳೆದುಕೊಂಡು ಮೇಕೆ ಕಾಯುತ್ತಾನೆ. ತಾನೇ ಕಟ್ಟಿದ ಲೋಕವನ್ನು ಲೇಖಕಿ ಯಾಕೆ ಕೆಡಿಸಿದರು? ಮುಂದೆ ಓದಬೇಕಾ?
– ಓದುಗರೊಬ್ಬರು, ಶಿರಸಿ

ಉತ್ತರ: ಓದಿ. ಆದರೆ ಈಗಲೇ ಬೇಡ, ಸ್ವಲ್ಪ ದಿನ ಬಿಡಿ.

ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಮೊದಲ ಪುಸ್ತಕ ಬಂದದ್ದು 1968ರಲ್ಲಿ, ಮೂರನೆಯದು 1972ರಲ್ಲಿ. ಆಮೇಲೆ 18 ವರ್ಷ ಕಾದ ಓದುಗರ ಕೈಗೆ ಸಿಕ್ಕಿದ್ದು ಒಬ್ಬ ವಿಧವೆ, ಬೆಂಕಿಯಲ್ಲಿ ಸುಟ್ಟ ಒಂದು ಮಗು, ಮತ್ತೆ ಏನೂ ಮಾಡಲಾಗದ ಗೆಡ್. ತುಂಬ ಜನ ಬೇಸರಪಟ್ಟರು. ಕಥೆ ಬಿಟ್ಟು ಉಪದೇಶ ಜಾಸ್ತಿಯಾಯಿತು ಅಂದರು. ಅದೇ ಪುಸ್ತಕಕ್ಕೆ, ಇಂಥ ಕಲ್ಪನಾ ಸಾಹಿತ್ಯಕ್ಕೆ ಕೊಡುವ ನೆಬ್ಯುಲಾ ಪ್ರಶಸ್ತಿಯೂ ಬಂತು.

ನಾನೂ ಬೇಸರಪಟ್ಟವಳೇ. ನನಗೆ ಮೊದಲ ಪುಸ್ತಕ ಅಷ್ಟು ಹತ್ತಿರದ್ದು. ನಮ್ಮಜ್ಜಿ ಕತ್ತಲಾದ ಮೇಲೆ ಹಾವಿಗೆ ಹಗ್ಗ ಅನ್ನುತ್ತಿದ್ದರು. ಹಾಗಾಗಿ ಅರ್ಥ್‌ಸೀಯಲ್ಲಿ ಒಂದು ವಸ್ತುವಿನ ನಿಜವಾದ ಹೆಸರು ಗೊತ್ತಿದ್ದವನಿಗೇ ಮಂತ್ರ ಒಲಿಯುತ್ತದೆ ಎಂಬುದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ನನ್ನ ಮನಸ್ಸು ಬದಲಾದದ್ದು ಅಪ್ಪನಿಂದ. ಅಪ್ಪ ಕಾರವಾರದ ಬೈತಖೋಲದಲ್ಲಿ ತಾಂಡೇಲರಾಗಿದ್ದರು, ಅಂದರೆ ಮೀನುದೋಣಿಯ ಮುಖ್ಯಸ್ಥರು. ಕುರ್ಮಗಡ ದ್ವೀಪದ ಆಚೆ ಗಾಳಿ ತಿರುಗಿದರೆ ದೋಣಿಯಲ್ಲಿದ್ದವರೆಲ್ಲ ಅವರ ಮುಖ ನೋಡುತ್ತಿದ್ದರು. ಕಣ್ಣು ಮಂಜಾದ ಮೇಲೆ ಕಡಲಿಗೆ ಇಳಿಯುವುದು ನಿಂತಿತು. ಆರು ತಿಂಗಳು ಜಗಲಿಯಲ್ಲಿ ಸುಮ್ನೆ ಕೂತರು. ಹಳೆಯ ಜೊತೆಗಾರರು ಬಂದರೆ ಎದ್ದು ಒಳಗೆ ಹೋಗಿಬಿಡುತ್ತಿದ್ದರು. ಅಷ್ಟೂ ವರ್ಷ ಬುಟ್ಟಿ ಹೊತ್ತು ಪೇಟೆಗೆ ಹೋಗಿ, ಮೀನು ಮಾರಿ ಮನೆ ನಡೆಸಿದ್ದು ಅಮ್ಮ. ಒಂದು ಬೆಳಿಗ್ಗೆ ಅಪ್ಪ ಎದ್ದು ಬಂದು ಅಮ್ಮನ ಪಕ್ಕ ಕೂತು ಬಂಗಡೆ ಹಸನು ಮಾಡತೊಡಗಿದರು. ಕೈ ತಡವರಿಸುತ್ತಿತ್ತು. ಅಮ್ಮ ಏನೂ ಹೇಳಲಿಲ್ಲ. ಮಣೆ ಸ್ವಲ್ಪ ಸರಿಸಿ ಜಾಗ ಕೊಟ್ಟರು.

ಅದಾದ ಮೇಲೆ ‘ಟೆಹಾನು’ ಮತ್ತೆ ತೆಗೆದೆ. ಅರಸನ ಕಡೆಯವರು ಹುಡುಕಿಕೊಂಡು ಬಂದಾಗ ಗೆಡ್ ನಾಚಿ ಗುಡ್ಡಕ್ಕೆ ಹೋಗಿಬಿಡುತ್ತಾನೆ, ಅಲ್ವಾ? ಮೊದಲ ಓದಿನಲ್ಲಿ ಅದು ನನಗೆ ಹೇಡಿತನವಾಗಿ ಕಂಡಿತ್ತು. ಎರಡನೇ ಸಲ ನಮ್ಮ ಜಗಲಿ ಕಂಡಿತು. ಮೊದಲ ಪುಸ್ತಕದ ಶುರುವಿನಲ್ಲೂ ಅವನು ಗಾಂಟ್ ದ್ವೀಪದಲ್ಲಿ ಮೇಕೆ ಕಾಯುವ ಹುಡುಗನೇ. ಅರ್ಥ್‌ಸೀಯಲ್ಲಿ ಮಂತ್ರ ಕಲಿಸುವ ಶಾಲೆಗೆ ಗಂಡುಮಕ್ಕಳಿಗಷ್ಟೇ ಪ್ರವೇಶ. ಹೆಂಗಸರ ಮಂತ್ರ ದುರ್ಬಲ ಅನ್ನುವ ಗಾದೆ ಬೇರೆ. ಆ ಲೋಕವನ್ನು ಮೊದಲು ಗಂಡಸರ ಕಣ್ಣಿಂದಲೇ ಬರೆದಿದ್ದೆ ಎಂಬುದನ್ನು ಲೆ ಗ್ವಿನ್ ಮುಚ್ಚಿಡಲಿಲ್ಲ. ಹಳೆಯದನ್ನು ಅಳಿಸಲೂ ಇಲ್ಲ. ದೋಣಿ ಕಡಲಲ್ಲಿದ್ದಾಗ ಮನೆಯಲ್ಲಿ ಏನು ನಡೆಯುತ್ತಿತ್ತು ಎಂದು ಅದೇ ದ್ವೀಪಕ್ಕೆ ಹೋಗಿ ನೋಡಿದರು. ಇದು ಕೆಡಿಸಿದ್ದು ಅಂತ ನನಗೀಗ ಅನ್ನಿಸುವುದಿಲ್ಲ. ಇಡೀ ಸರಣಿಯಲ್ಲಿ ಇದಕ್ಕಿಂತ ಧೈರ್ಯದ ಪುಸ್ತಕ ಇಲ್ಲ.

ಮಗಳಿಗೆ ಮಾತ್ರ ಒತ್ತಾಯ ಮಾಡಬೇಡಿ. ಮಗುವಿಗೆ ಆದ ಹಿಂಸೆ ಅದರಲ್ಲಿದೆ. ಅವಳು ಇನ್ನಷ್ಟು ದೊಡ್ಡವಳಾಗಲಿ.

ಪ್ರಶ್ನೆ: ಟೆಹಾನು ಆದ ಮೇಲೆ ಯಾವುದು ಮೊದಲು?
– ಓದುಗರು, ಅಂಕೋಲಾ

ಉತ್ತರ: ‘ಟೆಹಾನು’ ಕೊನೆಯ ಪುಸ್ತಕ ಎಂದೇ ಅಚ್ಚಾಗಿತ್ತು. ಆದರೆ 2001ರಲ್ಲಿ ಇನ್ನೆರಡು ಬಂದವು. ಮೊದಲು ಕಥೆಗಳ ಸಂಕಲನ ಓದಿ, ಆಮೇಲೆ ಕಾದಂಬರಿ. ಸಂಕಲನದ ಕೊನೆಯ ಕಥೆಯ ಹುಡುಗಿ ಕಾದಂಬರಿಯಲ್ಲಿ ಮತ್ತೆ ಬರುತ್ತಾಳೆ.

ಪ್ರಶ್ನೆ: ಎಂಟನೇ ತರಗತಿಯ ಮಕ್ಕಳಿಗೆ ಮೊದಲ ಪುಸ್ತಕದ ಕಥೆ ಹೇಳಿ ಚಿತ್ರ ಬರೆಸಿದೆ. ಎಲ್ಲರೂ ಗೆಡ್‌ನನ್ನು ಬೆಳ್ಳಗೆ ಬರೆದಿದ್ದಾರೆ. ತಿದ್ದಬೇಕಾ?
– ಶಿಕ್ಷಕಿ, ಹೊನ್ನಾವರ

ಉತ್ತರ: ದಯವಿಟ್ಟು ತಿದ್ದಿ. ಗೆಡ್‌ನದು ಕೆಂಪು ಮಿಶ್ರಿತ ಕಂದು ಮೈ. ಅವನ ಗೆಳೆಯ ವೆಚ್ ಕಪ್ಪು. ಬಿಳಿಯರು ದಾಳಿ ಮಾಡಲು ಬರುವ ಕಾರ್ಗ್ ಜನ. ಲೆ ಗ್ವಿನ್ ಇದನ್ನು ಬೇಕೆಂದೇ ಹಾಗೆ ಬರೆದರು. ಆದರೂ ಎಷ್ಟೋ ಮುಖಪುಟಗಳಲ್ಲಿ ಅವನು ಬೆಳ್ಳಗಾದ. 2004ರ ಟಿವಿ ಸರಣಿಯಲ್ಲೂ ಬಿಳಿಯ ನಟನೇ ಗೆಡ್ ಆದಾಗ ಅವರು ಸಿಟ್ಟಿನಿಂದ ಲೇಖನ ಬರೆದರು. ಮಕ್ಕಳನ್ನು ಬೈಯಬೇಡಿ. ಮನೆಯಿಂದ ಹಳೆಯ ತಾಮ್ರದ ಚೊಂಬು ತಂದು ಮೇಜಿನ ಮೇಲಿಡಿ, ಈ ಬಣ್ಣ ಹಚ್ಚಿ ಅನ್ನಿ.