ಗಡ ಹತ್ತಿದ ಮೇಲೆ ಶುಗರ್ ಏರಿತು ಅಂದ ಅಕ್ಕನಿಗೆ

ಅಕ್ಕಾ, ನಿಮ್ಮ ಪ್ರಶ್ನೆ ಬೆಳಿಗ್ಗೆಯೇ ನೋಡಿದೆ. ಎರಡು ಸಾಲಿನಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ, ಹಾಗಾಗಿ ಸಂಜೆ ಕೂತು ಬರೆಯುತ್ತಿದ್ದೇನೆ. ಗುಂಪಿಗೆ ಹೊಸದಾಗಿ ಬಂದವರಿಗಾಗಿ ನೀವು ಬರೆದದ್ದನ್ನು ಮೊದಲು ಚಿಕ್ಕದಾಗಿ ಹೇಳಿಬಿಡುತ್ತೇನೆ. ಭಾನುವಾರ ಅತಕರವಾಡಿ ಕಡೆಯಿಂದ ಪುಣೆ ಹತ್ತಿರದ ಸಿಂಹಗಡ ಕೋಟೆಯನ್ನು ಎಲ್ಲೂ ನಿಲ್ಲದೆ ಜೋರಾಗಿ ಹತ್ತಿದಿರಿ. ಹೊರಡುವಾಗ ಶುಗರ್ 142 ಇತ್ತು, ಮೇಲೆ ಮುಟ್ಟಿದ ಕೂಡಲೇ ನೋಡಿದರೆ 208. ಗಾಬರಿಯಾಯಿತು. ಉಳಿದವರೆಲ್ಲ ಪಿಠಲ (ಕಡಲೆಹಿಟ್ಟಿನ ಪಲ್ಯ), ಭಾಕರಿ (ರೊಟ್ಟಿ) ತಿನ್ನುತ್ತಿದ್ದರೂ ನೀವು ಮುಟ್ಟಲಿಲ್ಲ. ಮನೆಗೆ ಬಂದು ಹತ್ತೂವರೆಗೆ ಒಂದು ಬಟ್ಟಲು ಕೋಸಂಬರಿ ತಿಂದು ಬೆಳಗಿನ ಮಾತ್ರೆ ತಗೊಂಡಿರಿ. ಮಧ್ಯಾಹ್ನ ಒಂದು ಗಂಟೆಗೆ ಕೈ ನಡುಕ, ಮೈಯೆಲ್ಲ ಬೆವರು, ಮೀಟರಿನಲ್ಲಿ 61. ಸಕ್ಕರೆ ಬಾಯಿಗೆ ಹಾಕಿಕೊಂಡರೂ ತುಂಬ ಹೊತ್ತು ನಡುಕ ನಿಲ್ಲಲಿಲ್ಲ. ಈಗ ಮನೆಯವರು ‘ಗಡ ಗಿಡ ಸಾಕು, ಪಾರ್ಕಿನಲ್ಲಿ ನಡೆದರೆ ಆಯ್ತು’ ಅನ್ನುತ್ತಿದ್ದಾರೆ.

ಗಡ ಬಿಡಬೇಡಿ. ನನಗೂ ಟೈಪ್ ಟು ಡಯಾಬಿಟಿಸ್ ಇದೆ, ಸೈಕಲ್ ತುಳಿಯುತ್ತೇನೆ, ಕಾತ್ರಜ್ ಘಾಟ್ ನನ್ನ ಕಾಯಂ ದಾರಿ. ನಾನು ಡಾಕ್ಟರ್ ಅಲ್ಲ, ಮಾತ್ರೆಯ ಡೋಸ್ ವಿಷಯ ನಿಮ್ಮ ಡಾಕ್ಟರ್ ಹೇಳಿದ್ದೇ ಕೊನೆ. ಆದರೆ ನೀವು ಬರೆದದ್ದು ಓದಿದಾಗ ನನಗೆ ಅನ್ನಿಸಿದ್ದು ಇಷ್ಟು: ಆ 208 ಹೆದರುವಂಥದ್ದಲ್ಲ. ಹೆದರಬೇಕಾದದ್ದು ಮಧ್ಯಾಹ್ನದ 61ಕ್ಕೆ.

ಮೊದಲು 208ರ ಕಥೆ. ಉಸಿರು ಮೇಲೆ ಕೆಳಗೆ ಆಗುವಷ್ಟು ಜೋರಾಗಿ ದುಡಿದಾಗ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ. ‘ಕಾಲಿಗೆ ಈಗಲೇ ಶಕ್ತಿ ಬೇಕು’ ಅಂತ ಅದು ಲಿವರಿಗೆ ಸುದ್ದಿ ಮುಟ್ಟಿಸಿದ ಹಾಗೆ. ಮಳೆಗಾಲದಲ್ಲಿ ಖಡಕವಾಸಲಾ ಡ್ಯಾಮಿನ ಗೇಟು ತೆಗೆದಂತೆ ಲಿವರ್ ತಾನು ಕೂಡಿಟ್ಟ ಗ್ಲೂಕೋಸನ್ನು ರಕ್ತಕ್ಕೆ ಬಿಡುತ್ತದೆ. ಸ್ನಾಯುಗಳು ಎಳೆದುಕೊಳ್ಳುವುದಕ್ಕಿಂತ ಬರುವುದೇ ಜಾಸ್ತಿ ಆದರೆ ಮೀಟರ್ ಏರಿಕೆ ತೋರಿಸುತ್ತದೆ. ಶುಗರ್ ಇಲ್ಲದವರಲ್ಲಿ ಇನ್ಸುಲಿನ್ ಕೂಡಲೇ ಬಂದು ಸರಿಮಾಡುತ್ತದೆ, ನಮ್ಮಲ್ಲಿ ಅದು ತಡ. ಅದಕ್ಕೇ ನಿಧಾನವಾಗಿ ಒಂದು ತಾಸು ನಡೆದರೆ ಶುಗರ್ ಇಳಿಯುತ್ತದೆ, ಅದೇ ಒಂದು ತಾಸು ಏದುಸಿರಿನಲ್ಲಿ ಏರು ಹತ್ತಿದರೆ ಸ್ವಲ್ಪ ಹೊತ್ತು ಏರುತ್ತದೆ. ಎರಡೂ ಸಹಜ. ಸಾಮಾನ್ಯವಾಗಿ ಒಂದೆರಡು ತಾಸಿನಲ್ಲಿ ತಾನೇ ಇಳಿಯುತ್ತದೆ. ಅದೂ ಅಲ್ಲದೆ ನೀವು ಗಡ ಇಳಿಯುವುದೂ ನಡೆದೇ ಅಲ್ವಾ? ಆ ಇಳಿಜಾರಿನ ನಡಿಗೆಯೇ ಅರ್ಧ ಕೆಲಸ ಮಾಡಿರುತ್ತದೆ. ಕೆಳಗೆ ವಾಹನದ ಹತ್ತಿರ ಬಂದು ಇನ್ನೊಮ್ಮೆ ನೋಡಿದ್ದರೆ ನಿಮಗೆ ಬೇರೆಯೇ ನಂಬರ್ ಸಿಗುತ್ತಿತ್ತು ಅಂತ ನನ್ನ ಅಂದಾಜು.

ಮುಂದಿನ ಸಲ ಮೇಲೆ ಮುಟ್ಟಿದ ಕೂಡಲೇ ಧಪ್ ಅಂತ ಕೂರಬೇಡಿ. ಕಲ್ಯಾಣ ದರವಾಜಾ ತನಕ ನಿಧಾನಕ್ಕೆ ನಡೆದು ಬನ್ನಿ. ಹತ್ತು ಹದಿನೈದು ನಿಮಿಷದ ಈ ನಡಿಗೆ ಎದೆಬಡಿತವನ್ನೂ ಇಳಿಸುತ್ತದೆ, ಶುಗರನ್ನೂ ಇಳಿಸುತ್ತದೆ. ಆಮೇಲೆ ಮೀಟರ್ ತೆಗೆಯಿರಿ. ಇನ್ನೊಂದು ಮಾತು: ಬೆರಳು ತೊಳೆದುಕೊಂಡೇ ಚುಚ್ಚಿ. ದಾರಿಯಲ್ಲಿ ಕಿತ್ತಳೆ ಸುಲಿದು ತಿಂದಿದ್ದರೆ ಅದರ ರಸ ಬೆರಳಿನ ತುದಿಯಲ್ಲಿ ಅಂಟಿರುತ್ತದೆ. ಪಟ್ಟಿಗೆ ಹೋಗುವುದು ಒಂದೇ ಹನಿ ರಕ್ತ, ಅದರಲ್ಲಿ ಹಣ್ಣಿನ ಸಕ್ಕರೆ ಸೇರಿದರೆ ಸುಮ್ನೆ ಎಷ್ಟೋ ಜಾಸ್ತಿ ತೋರಿಸುತ್ತದೆ. ನೀರಿಲ್ಲದಿದ್ದರೆ ಮೊದಲ ಹನಿ ಒರೆಸಿ ಎರಡನೆಯ ಹನಿ ಹಿಡಿಯಿರಿ.

ಈಗ 61. ನೀವು ಹಾಕಿದ ಮಾತ್ರೆ ಸ್ಟ್ರಿಪ್ಪಿನ ಫೋಟೋ ದೊಡ್ಡದು ಮಾಡಿ ಓದಿದೆ. ಒಂದೇ ಮಾತ್ರೆಯಲ್ಲಿ ಮೂರು ಔಷಧಿ ಇದೆ: ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್, ವೋಗ್ಲಿಬೋಸ್. ವ್ಯಾಯಾಮ ಮಾಡುವವರು ಈ ಹೆಸರುಗಳನ್ನು ಬಾಯಿಪಾಠ ಮಾಡಿಕೊಳ್ಳಲೇಬೇಕು ಅಂತ ನಾನು ಹಟ ಹಿಡಿದು ಹೇಳುತ್ತೇನೆ.

ಗ್ಲಿಮೆಪಿರೈಡ್ ಮಾಡುವ ಕೆಲಸ ಪ್ಯಾಂಕ್ರಿಯಾಸಿನಿಂದ ಇನ್ಸುಲಿನ್ ಹೊರಡಿಸುವುದು. ನೀವು ಊಟ ಮಾಡಿದಿರೋ ಇಲ್ಲವೋ ಅದು ನೋಡುವುದಿಲ್ಲ. ತಗೊಂಡ ಎರಡು ಮೂರು ತಾಸಿಗೆ ಅದರ ಜೋರು ಹೆಚ್ಚು. ಹತ್ತೂವರೆಗೆ ಮಾತ್ರೆ, ಒಂದು ಗಂಟೆಗೆ ನಡುಕ, ಲೆಕ್ಕ ಸರಿಯಾಗಿ ಕೂರುತ್ತದೆ. ಹೊಟ್ಟೆಯಲ್ಲಿ ಇದ್ದದ್ದು ಹೆಸರುಬೇಳೆ, ಸೌತೆಕಾಯಿ. ಕಾಲಿನ ಸ್ನಾಯುಗಳು ಖಾಲಿಯಾದ ತಮ್ಮ ದಾಸ್ತಾನು ತುಂಬಿಕೊಳ್ಳಲು ರಕ್ತದಿಂದ ಗ್ಲೂಕೋಸ್ ಎಳೆಯುತ್ತಲೇ ಇದ್ದವು. ಜೋರು ವ್ಯಾಯಾಮದ ನಂತರ ಒಂದೆರಡು ದಿನದ ತನಕ ಇನ್ಸುಲಿನ್ ಹೆಚ್ಚು ಚೆನ್ನಾಗಿ ಕೆಲಸ ಮಾಡುತ್ತದೆ. ಅದು ವ್ಯಾಯಾಮದ ದೊಡ್ಡ ಲಾಭ. ಆದರೆ ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ತಗೊಳ್ಳುವವರಿಗೆ, ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ ಅದೇ ಲಾಭ ಅಪಾಯಕ್ಕೆ ತಿರುಗಬಹುದು. ಹೊಟ್ಟೆ ಖಾಲಿ ಇಟ್ಟು 208ನ್ನು ಇಳಿಸಲು ಹೋಗುವುದು ಅದಕ್ಕೇ ಬೇಡ. ಗಡದ ಮೇಲೆ ಒಂದು ಜೋಳದ ಭಾಕರಿ, ಪಿಠಲ, ಒಂದು ಲೋಟ ಮಜ್ಜಿಗೆ ತಗೊಳ್ಳಬಹುದಿತ್ತು. ನಮ್ಮ ಝುಣಕ ರೊಟ್ಟಿಯಂಥದ್ದೇ ಊಟ ಅದು. ಬೇಳೆ ಹಿಟ್ಟು ಇರುವುದರಿಂದ ಶುಗರ್ ನಿಧಾನವಾಗಿ ಏರುತ್ತದೆ, ಹೊಟ್ಟೆಯಲ್ಲೂ ನಿಲ್ಲುತ್ತದೆ.

ಸಕ್ಕರೆ ತಿಂದರೂ ಯಾಕೆ ಬೇಗ ಏರಲಿಲ್ಲ ಅಂತ ಕೇಳಿದ್ದಿರಿ. ವೋಗ್ಲಿಬೋಸ್ ಕಾರಣ ಇರಬಹುದು. ನಾವು ತಿನ್ನುವ ಸಕ್ಕರೆ ನೇರವಾಗಿ ರಕ್ತಕ್ಕೆ ಹೋಗುವುದಿಲ್ಲ, ಕರುಳಿನಲ್ಲಿ ಒಡೆಯಬೇಕು. ಆ ಒಡೆಯುವ ಕೆಲಸವನ್ನೇ ವೋಗ್ಲಿಬೋಸ್ ತಡೆಯುತ್ತದೆ. ಹಾಗಾಗಿ ಸಕ್ಕರೆ, ಬೆಲ್ಲ, ಚಿಕ್ಕಿ, ಕಬ್ಬಿನ ಹಾಲು ಯಾವುದನ್ನೂ ಅವಸರಕ್ಕೆ ನಂಬುವಂತಿಲ್ಲ. ನಿಮ್ಮ ಚೀಲದಲ್ಲಿ ಗ್ಲೂಕೋಸ್ ಪುಡಿ ಇರಲೇಬೇಕು. ಅದು ಒಡೆಯುವುದಕ್ಕೆ ಏನೂ ಉಳಿದಿಲ್ಲದ ಗ್ಲೂಕೋಸ್, ನೇರ ರಕ್ತಕ್ಕೆ ಸೇರುತ್ತದೆ. ಕೊಳ್ಳುವಾಗ ಡಬ್ಬಿಯ ಹಿಂದೆ ಓದಿ, ಸಕ್ಕರೆ ಬೆರೆಸಿದ ಶರಬತ್ತಿನ ಪುಡಿ ಬೇಡ. ಚಿಕ್ಕ ಜಿಪ್ ಕವರಿನಲ್ಲಿ ಮೂರು ತುಂಬು ಚಮಚ, ಅಂದರೆ ಸುಮಾರು 15 ಗ್ರಾಂ ಹಾಕಿ ಒಂದೊಂದು ಪೊಟ್ಟಣ ಮಾಡಿಡಿ. ನಾನು ಸೈಕಲ್ ಜರ್ಸಿಯ ಹಿಂದಿನ ಜೇಬಿನಲ್ಲಿ ಇಟ್ಟುಕೊಳ್ಳುವುದು ಹೀಗೇ. ಬೆವರಿಗೆ ಗಟ್ಟಿಯಾಗುತ್ತದೆ, ಆಗಾಗ ಬದಲಾಯಿಸಬೇಕು.

70ರ ಕೆಳಗೆ ಬಂದರೆ ಅಲ್ಲೇ ನಿಲ್ಲಿ. ‘ಇನ್ನೊಂದು ತಿರುವು ಅಷ್ಟೇ’ ಬೇಡ. ಒಂದು ಪೊಟ್ಟಣ ನೀರಿಗೆ ಹಾಕಿ ಕುಡಿಯಿರಿ, 15 ನಿಮಿಷ ಕೂತು ಮತ್ತೆ ನೋಡಿ, ಏರದಿದ್ದರೆ ಇನ್ನೊಂದು ಪೊಟ್ಟಣ. ಏರಿದ ಮೇಲೆ ಚಪಾತಿಯೋ ಭಾಕರಿಯೋ ಹೊಟ್ಟೆಗೆ ಬೀಳಬೇಕು. ಗ್ಲಿಮೆಪಿರೈಡ್ ತಗೊಂಡ ದಿನ ಒಮ್ಮೆ ಇಳಿದದ್ದು ಕೆಲವು ತಾಸಿನ ನಂತರ ಮತ್ತೆ ಇಳಿಯಬಹುದು, ಅವತ್ತು ಒಬ್ಬರೇ ಇರಬೇಡಿ. ಜೊತೆಯವರಿಗೂ ಹೇಳಿಡಿ: ಪ್ರಜ್ಞೆ ತಪ್ಪಿದರೆ ಬಾಯಿಗೆ ಏನೂ ಹಾಕಬಾರದು, 108ಕ್ಕೆ ಫೋನ್ ಮಾಡಬೇಕು.

ಹೊರಡುವ ಮುಂಚಿನ ನಂಬರ್ ಬಗ್ಗೆ. ನಿಮ್ಮ ಥರದ ಮಾತ್ರೆಯವರಿಗೆ 90ರ ಕೆಳಗಿದ್ದರೆ ಮೊದಲು ಎರಡು ಏಲಕ್ಕಿ ಬಾಳೆಹಣ್ಣಿನಷ್ಟಾದರೂ ತಿಂದು, ಏರಿದ್ದು ನೋಡಿ ಹೊರಡಿ. 250ರ ಮೇಲಿದ್ದು ಮೈಯೂ ಸರಿಯಿಲ್ಲ, ಜ್ವರ, ವಾಂತಿ ಅಂತಿದ್ದರೆ ಅವತ್ತು ಮನೆಯಲ್ಲೇ ಇರಿ. 300 ದಾಟಿದ್ದರೆ ಆರಾಮ ಅನ್ನಿಸಿದರೂ ಜೋರು ವ್ಯಾಯಾಮ ಬೇಡ. ನಡುವೆ ಇದ್ದರೆ ಸುಮ್ನೆ ಚಿಂತೆ ಮಾಡದೆ ಬೂಟು ಕಟ್ಟಿಕೊಳ್ಳಿ.

ಗುಂಪಿನ ಉಳಿದವರೂ ಕೇಳಿದ್ದರಿಂದ ಇದೂ ಸೇರಿಸುತ್ತೇನೆ. ಬರೀ ಮೆಟ್‌ಫಾರ್ಮಿನ್ ಇದ್ದರೆ, ಅಥವಾ ಅದರ ಜೊತೆ ಸಿಟಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್ ಇದ್ದರೆ, ಶುಗರ್ ಕುಸಿಯುವ ಭಯ ತೀರಾ ಕಡಿಮೆ. ನೀವು ಪ್ರತಿ ವಾಕಿಂಗಿಗೂ ಬಾಳೆಹಣ್ಣು ತಿನ್ನಬೇಕಿಲ್ಲ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತಗೊಳ್ಳುವವರು ಮಾತ್ರ ಹುಷಾರು. ಅವು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತವೆ, ಜೊತೆಗೆ ನೀರೂ ಹೋಗುತ್ತದೆ. ಮುಂಬೈ ಮ್ಯಾರಥಾನಿಗೆ ಓಡುವ ನಮ್ಮ ಹುಡುಗರು ಆ ಸೆಕೆಯಲ್ಲಿ ಮೊದಲೇ ಬೆವರಿ ತೊಯ್ದಿರುತ್ತಾರೆ. ಊಟ ಬಿಟ್ಟು ತುಂಬ ಹೊತ್ತು ದುಡಿದ ಮೇಲೆ ವಾಕರಿಕೆ, ಹೊಟ್ಟೆನೋವು, ಉಸಿರಾಟ ಜೋರು ಅನ್ನಿಸಿದರೆ ಮೀಟರ್ 150 ತೋರಿಸಿದರೂ ಆಸ್ಪತ್ರೆಗೆ ಹೋಗಿ. ಈ ಮಾತ್ರೆಗಳಲ್ಲಿ ಶುಗರ್ ಜಾಸ್ತಿ ಇಲ್ಲದೆಯೂ ಕೀಟೋನ್ (ಮೈ ಕೊಬ್ಬನ್ನು ಕರಗಿಸುವಾಗ ರಕ್ತಕ್ಕೆ ಸೇರುವ ಆಮ್ಲ) ಏರುವ ಅಪಾಯ ಇದೆ. ಬಿಪಿಗೆ ಅಂತ ಅಟೆನೊಲಾಲ್, ಮೆಟೊಪ್ರೊಲಾಲ್ ತಗೊಳ್ಳುವವರಿಗೆ ಶುಗರ್ ಕುಸಿದಾಗ ಎದೆ ಡವಡವ ಅನ್ನುವುದು ಗೊತ್ತಾಗದೇ ಹೋಗಬಹುದು, ಬೆವರನ್ನು ಗಮನಿಸಿ. ಇನ್ಸುಲಿನ್ ಇರುವವರು ಓಡುವ ದಿನ ತೊಡೆಗೆ ಚುಚ್ಚಿಕೊಳ್ಳಬೇಡಿ, ದುಡಿಯುವ ಕಾಲಿನಿಂದ ಅದು ಬೇಗ ರಕ್ತಕ್ಕೆ ಸೇರುತ್ತದೆ.

ನಿಮ್ಮ ಕೆ ಟು ಎಸ್ ಆಸೆಗೆ ಬರುತ್ತೇನೆ. ಕಾತ್ರಜ್‌ನಿಂದ ಸಿಂಹಗಡಕ್ಕೆ ರಾತ್ರಿಯೆಲ್ಲ ಗುಡ್ಡ ಹತ್ತಿ ಇಳಿಯುವ ದಾರಿ ಅದು, ಒಂದಲ್ಲ ಎರಡಲ್ಲ, ಹದಿಮೂರು ಗುಡ್ಡ ಅನ್ನುತ್ತಾರೆ. ಮಾಡಬಹುದು. ಆದರೆ ಮೊದಲು ಡಾಕ್ಟರ್ ಹತ್ತಿರ ನಾಲ್ಕು ವಿಷಯ ಕೇಳಿ ಬನ್ನಿ. ಆ ಸಂಜೆ ಮತ್ತು ಮರುದಿನ ಬೆಳಿಗ್ಗೆ ಗ್ಲಿಮೆಪಿರೈಡ್ ಕಡಿಮೆ ಮಾಡಬೇಕೇ? ಕಣ್ಣಿನ ಹಿಂಭಾಗದ ಪರೀಕ್ಷೆ ಆಗಿದೆಯೇ? ರೆಟಿನಾದಲ್ಲಿ ಹೊಸ ರಕ್ತನಾಳ ಬೆಳೆದಿದ್ದರೆ ದಮ್ಮು ಕಟ್ಟಿ ಬಲ ಹಾಕಿ ಹತ್ತುವುದು ಒಳ್ಳೆಯದಲ್ಲ. ಹೃದಯದ ಪರೀಕ್ಷೆ ಬೇಕೇ? ಶುಗರ್ ಇರುವವರಿಗೆ ಎದೆನೋವು ಇಲ್ಲದೆಯೂ ತೊಂದರೆ ಇರಬಹುದು. ಪಾದದ ಸ್ಪರ್ಶ ಸರಿಯಿದೆಯೇ? ಆ ಇಳಿಜಾರುಗಳ ಜಾರು ಮಣ್ಣಿನಲ್ಲಿ ಬೂಟಿನೊಳಗೆ ಹರಳು ಸೇರಿ ಬೊಬ್ಬೆ ಎದ್ದರೂ ಗೊತ್ತಾಗದವರು ಇದ್ದಾರೆ. ಪ್ರತಿ ನಿಲುಗಡೆಯಲ್ಲಿ ಕಾಲುಚೀಲ ಬಿಚ್ಚಿ ಟಾರ್ಚ್ ಹಿಡಿದು ನೋಡಿ.

ದಾರಿಯಲ್ಲಿ ತಾಸಿಗೊಮ್ಮೆ ನೋಡಿಕೊಂಡು ಸ್ವಲ್ಪ ಸ್ವಲ್ಪ ತಿನ್ನಿ, ಕೊನೆಗೆ ಒಟ್ಟಿಗೆ ತಿನ್ನುವುದು ಬೇಡ. ತೋಳಿಗೆ ಶುಗರ್ ತೋರಿಸುವ ಸೆನ್ಸರ್ ಅಂಟಿಸಿಕೊಂಡಿದ್ದರೂ ಅದು ರಕ್ತಕ್ಕಿಂತ ಕೆಲವು ನಿಮಿಷ ಹಿಂದಿರುತ್ತದೆ, ತಲೆ ತಿರುಗಿದಂತಾದರೆ ಬೆರಳು ಚುಚ್ಚಿಯೇ ನೋಡಿ. ಮರುದಿನ ರಾತ್ರಿ ಮಲಗುವ ಮುಂಚೆ ಇನ್ನೊಮ್ಮೆ ನೋಡಿ, 100ರ ಕೆಳಗಿದ್ದರೆ ಒಂದು ಲೋಟ ಹಾಲು, ಒಂದು ಚಪಾತಿ ತಿಂದು ಮಲಗಿ. ನಿದ್ದೆಯಲ್ಲಿ ಕುಸಿದದ್ದು ಗೊತ್ತಾಗುವುದು ಬೆಳಿಗ್ಗೆ ದಿಂಬು ಒದ್ದೆಯಾಗಿ ತಲೆ ನೋಯುವಾಗಲೇ.

ಅದಕ್ಕೂ ಮುಂಚೆ ಒಂದು ಕೆಲಸ ಮಾಡಿ. ಬರುವ ಎರಡು ಮೂರು ಭಾನುವಾರ ಸಿಂಹಗಡವನ್ನೇ ಹತ್ತಿ. ಹೊರಡುವಾಗ, ಮೇಲೆ ಮುಟ್ಟಿದಾಗ, ಕೆಳಗೆ ಇಳಿದಾಗ, ಊಟಕ್ಕೆ ಮುಂಚೆ, ಮಲಗುವಾಗ ನಂಬರ್ ಬರೆದಿಡಿ. ಪಕ್ಕದಲ್ಲಿ ಏನು ತಿಂದಿರಿ, ಮಾತ್ರೆ ಎಷ್ಟು ಹೊತ್ತಿಗೆ ಅನ್ನುವುದನ್ನೂ ಬರೆಯಿರಿ. ಆ ಕಾಗದ ಇದ್ದರೆ ಡಾಕ್ಟರಿಗೆ ಡೋಸ್ ಬಗ್ಗೆ ನಿರ್ಧಾರ ಮಾಡುವುದು ಸುಲಭ, ಮನೆಯವರಿಗೂ ಧೈರ್ಯ. ಬರುವ ಭಾನುವಾರ ನಾನೂ ಅತಕರವಾಡಿಗೆ ಬರುತ್ತೇನೆ, ಐದೂವರೆಗೆ ಪಾರ್ಕಿಂಗ್ ಹತ್ತಿರ ಸಿಗೋಣ. ಅಣ್ಣನವರನ್ನೂ ಕರೆದುಕೊಂಡು ಬನ್ನಿ.