ಪುಣೆ ಹತ್ತಿರದ ನಾರಾಯಣಗಾಂವಿಗೆ ಮಕ್ಕಳು, ಹಿರಿಯರನ್ನು ಕರೆದುಕೊಂಡು ಹೋಗಬಹುದಾ? ವೈನ್ ಬಿಟ್ಟು ಅಲ್ಲಿ ಏನಿದೆ?

ಹೋಗಬಹುದು. ಫೆಬ್ರವರಿಯಲ್ಲಾದರೆ ಹೋಗಲೇಬೇಕು ಅಂತೀನಿ.

ನೀವು ಕೇಳಿದ್ದು ಇಷ್ಟು: ಪುಣೆಗೆ ಬಂದು ಒಂದು ವರ್ಷವಾಗಿದೆ, ಇಬ್ಬರು ಚಿಕ್ಕ ಮಕ್ಕಳಿದ್ದಾರೆ, ಊರಿನಿಂದ ಅತ್ತೆ ಮಾವ ಬರುತ್ತಾರೆ, ದ್ರಾಕ್ಷಿ ತೋಟದ ಊರು ನೋಡುವ ಆಸೆ ಇದೆ, ಆದರೆ ಮನೆಯಲ್ಲಿ ಯಾರೂ ಕುಡಿಯುವುದಿಲ್ಲ. ನಮ್ಮದೂ ಅದೇ ಕತೆ. ನಾವು ವಿಜಯಪುರದ ಕಡೆಯವರು, ಭೋಸರಿಯಲ್ಲಿ ಹದಿನಾಲ್ಕು ವರ್ಷದಿಂದ ಇದ್ದೇವೆ, ನಾರಾಯಣಗಾಂವಿಗೆ ಏಳೆಂಟು ಸಲವಾದರೂ ಹೋಗಿ ಬಂದಿದ್ದೇವೆ.

ವೈನ್ ವಿಷಯ ಮೊದಲೇ ಮುಗಿಸಿಬಿಡುತ್ತೇನೆ. 1980ರ ದಶಕದಲ್ಲಿ ಶಾತೋ ಇಂಡಾಜ್ ಕಂಪನಿ ಫ್ರಾನ್ಸಿನವರ ನೆರವು ಪಡೆದು ಇಲ್ಲೇ ನೊರೆ ಬರುವ ವೈನ್ ಮಾಡಿತು, ಊರಿಗೆ ಆ ಹೆಸರು ಅಂಟಿಕೊಂಡಿದ್ದು ಆಗ. ಆ ಕಂಪನಿ ಈಗಿಲ್ಲ. ರುಚಿ ನೋಡುವುದು, ದ್ರಾಕ್ಷಿ ತುಳಿಯುವುದು, ಹಾಡು ಕುಣಿತ ಅಂತ ಇದ್ದರೆ ಪುಣೆ-ನಾಸಿಕ ರಸ್ತೆಯಲ್ಲಿ ಇಲ್ಲಿಂದ ಇನ್ನೂ ನೂರು ಕಿಲೋಮೀಟರಿಗಿಂತ ಜಾಸ್ತಿ ಹೋಗಿ ನಾಸಿಕ ಸೇರಬೇಕು. ನಾರಾಯಣಗಾಂವಿನಲ್ಲಿ ಈಗ ಜಾಸ್ತಿ ಕಾಣುವುದು ತಿನ್ನುವ ದ್ರಾಕ್ಷಿ ಮತ್ತು ಟೊಮ್ಯಾಟೊ. ವೈನಿನ ದ್ರಾಕ್ಷಿ ಸಿಹಿಯೇ ಇರುತ್ತದೆ, ಆದರೆ ಸಣ್ಣದು, ಸಿಪ್ಪೆ ದಪ್ಪ, ಒಳಗೆ ಬೀಜ. ಮಕ್ಕಳಿಗೆ ಅದು ಹಿಡಿಸುವುದಿಲ್ಲ. ಇಲ್ಲಿಯ ಕಪ್ಪು ಜಂಬೋ ಒಂದು ಗೊಂಚಲು ಕೈಗೆ ಕೊಟ್ಟು ನೋಡಿ, ಒಂದು ಗಂಟೆ ಯಾರ ಸದ್ದೂ ಇರುವುದಿಲ್ಲ.

ತೋಟ ನೋಡಲು ಜನವರಿಯಿಂದ ಮಾರ್ಚ್ ನಡುವೆ ಹೋಗಿ. ಮಳೆಗಾಲದಲ್ಲಿ ಹೋದರೆ ಬರೀ ಎಲೆ. ರಸ್ತೆ ಬದಿ ಪೆಟ್ಟಿಗೆ ಇಟ್ಟು ಮಾರುವ ರೈತರನ್ನು ಕೇಳಿದರೆ ಹೆಚ್ಚಿನವರು ಒಳಗೆ ಬಿಡುತ್ತಾರೆ, ಆದರೆ ಕೇಳದೆ ಗೊಂಚಲಿಗೆ ಕೈ ಹಾಕಬೇಡಿ. ಔಷಧಿ ಹೊಡೆದು ಎಷ್ಟು ದಿನವಾಗಿದೆ ಅನ್ನುವುದು ಅವರಿಗಷ್ಟೇ ಗೊತ್ತು. ಮೊದಲ ಸಲ ಹೋದಾಗ ಗೊಂಚಲುಗಳಿಗೆಲ್ಲ ಕಾಗದ ಸುತ್ತಿದ್ದನ್ನು ನೋಡಿ ನನ್ನ ಮಗಳು ‘ದ್ರಾಕ್ಷಿಗೆ ಯಾಕೆ ಅಂಗಿ ಹಾಕಿದ್ದಾರೆ’ ಅಂತ ಕೇಳಿದಳು. ಬಿಸಿಲಿಗೆ ಬಣ್ಣ ಕೆಡದಿರಲಿ ಅಂತ ಹಾಗೆ ಮಾಡುತ್ತಾರೆ. ನಮ್ಮಪ್ಪನಿಗೆ ಮರಾಠಿ ಅಷ್ಟಕ್ಕಷ್ಟೇ, ಆದರೂ ಅಲ್ಲಿಯ ಒಬ್ಬ ರೈತರ ಜೊತೆ ಅರ್ಧ ಗಂಟೆ ಮಾತಾಡಿದರು, ಯಾಕೆಂದರೆ ನಮ್ಮ ವಿಜಯಪುರದ ಟಿಕೋಟಾ ಕಡೆಯ ತೋಟಗಳಲ್ಲೂ ಚಾಟ್ನಿ (ಬಳ್ಳಿ ಸವರುವುದು) ಅಂದರೆ ಚಾಟ್ನಿನೇ. ಏಪ್ರಿಲ್‌ನಲ್ಲಿ ಒಂದು ಸಲ ಬಳ್ಳಿ ಸವರುತ್ತಾರೆ, ಅಕ್ಟೋಬರ್‌ನಲ್ಲಿ ಇನ್ನೊಂದು ಸಲ, ಹಣ್ಣು ಬರುವುದು ಆ ಎರಡನೆಯದಕ್ಕೆ. ಇಬ್ಬರೂ ಮಳೆಯನ್ನು, ರೇಟನ್ನು, ಮಗ ತೋಟಕ್ಕೆ ಬರದಿರುವುದನ್ನು ಬೈದುಕೊಂಡು ತಣ್ಣಗಾದರು. (ಆ ತೋಟಕ್ಕೆ ಬರದ ಮಗ ನಾನೇ ಅಂತ ಬೇರೆ ಹೇಳಬೇಕಿಲ್ಲ.)

ಈಗ ಮುಖ್ಯ ವಿಷಯ. ಒಂದೇ ದಿನ ಹೋಗಲು ಆಗುವುದಾದರೆ ಫೆಬ್ರವರಿ 28 ಆರಿಸಿ.

ಊರಿನಿಂದ ಪೂರ್ವಕ್ಕೆ ಹದಿನೈದು ಕಿಲೋಮೀಟರ್ ಒಳಗೆ ಖೋಡದ್ ಅಂತ ಹಳ್ಳಿ. ಹೊಲಗಳ ಮೇಲೆ ದೊಡ್ಡ ಬಾಣಲೆ ಎತ್ತಿ ನಿಲ್ಲಿಸಿದ ಹಾಗೆ ಆಂಟೆನಾಗಳು ಕಾಣುತ್ತವೆ. ಅದೇ ಜಿಎಂಆರ್‌ಟಿ ರೇಡಿಯೋ ದೂರದರ್ಶಕ. ಒಟ್ಟು 30 ಆಂಟೆನಾ, ಒಂದೊಂದೂ 45 ಮೀಟರ್ ಅಗಲ. 14 ನಡುವಿನ ಜಾಗದಲ್ಲಿ ಇವೆ, ಉಳಿದವು ಇಂಗ್ಲಿಷಿನ ವೈ ಅಕ್ಷರದ ಮೂರು ಕೈಗಳ ಹಾಗೆ ಸುಮಾರು 25 ಕಿಲೋಮೀಟರ್ ಹರಡಿಕೊಂಡಿವೆ. ಗೋವಿಂದ ಸ್ವರೂಪ್ ಅನ್ನುವ ವಿಜ್ಞಾನಿ ಮುಂದೆ ನಿಂತು ಕಟ್ಟಿಸಿದ್ದು. ಗಟ್ಟಿ ತಗಡಿನ ತಟ್ಟೆ ಮಾಡಿದ್ದರೆ ಭಾರ, ಖರ್ಚು ಎರಡೂ ತಡೆಯುತ್ತಿರಲಿಲ್ಲ, ಅದಕ್ಕೆ ತೆಳ್ಳನೆಯ ಸ್ಟೀಲ್ ತಂತಿ ಜಾಲರಿಯನ್ನು ಹಗ್ಗದ ಹಾಗೆ ಎಳೆದು ಕಟ್ಟಿದ್ದಾರೆ. ಕೆಳಗೆ ನಿಂತು ತಲೆ ಎತ್ತಿದರೆ ಆಂಟೆನಾದೊಳಗಿಂದಲೇ ಆಕಾಶ ಕಾಣುತ್ತದೆ. ಗಾಳಿಯೂ ಸುಮ್ನೆ ತೂರಿ ಹೋಗುತ್ತದೆ.

ಫೆಬ್ರವರಿ 28 ರಾಷ್ಟ್ರೀಯ ವಿಜ್ಞಾನ ದಿನ, 1928ರಲ್ಲಿ ರಾಮನ್ ಪರಿಣಾಮ ಕಂಡುಹಿಡಿದ ನೆನಪಿಗೆ. ಆ ಹೊತ್ತಿಗೆ ಇಲ್ಲಿ ದೊಡ್ಡ ವಿಜ್ಞಾನ ಮೇಳ ನಡೆಯುತ್ತದೆ, ಜನರಿಗೆ ಗೇಟು ತೆರೆದಿರುತ್ತದೆ. ಸುತ್ತಲಿನ ಹಳ್ಳಿ ಶಾಲೆಯ ಮಕ್ಕಳು ತಾವೇ ಮಾಡಿದ ಮಾದರಿಗಳನ್ನು ಟೇಬಲ್ ಮೇಲೆ ಇಟ್ಟುಕೊಂಡು ನಿಂತಿರುತ್ತಾರೆ, ನೀವು ಕೇಳಲಿ ಬಿಡಲಿ ವಿವರಿಸಿಯೇ ಕಳಿಸುತ್ತಾರೆ. ನನಗಂತೂ ಇದು ಯಾವ ಜಾತ್ರೆಗೂ ಕಡಿಮೆ ಅನ್ನಿಸಲಿಲ್ಲ. ಟೋಪಿ ಹಾಕಿದ ಅಜ್ಜಂದಿರು, ಒಂಬತ್ತು ಗಜದ ಸೀರೆಯುಟ್ಟ ಅಜ್ಜಿಯಂದಿರು ಸಾಲಾಗಿ ನಿಂತು ನಕ್ಷತ್ರದ ವಿಷಯ ಕೇಳುತ್ತಾರೆ. ಒಂದೇ ಒಂದು ಕಟ್ಟುನಿಟ್ಟು, ಮೊಬೈಲ್ ಪೂರ್ತಿ ಆಫ್ ಮಾಡಬೇಕು. ದೂರದ ಗ್ಯಾಲಕ್ಸಿಯಿಂದ ಬರುವ ಅಲೆ ಅಷ್ಟು ಕ್ಷೀಣ, ನಮ್ಮ ಜೇಬಿನ ಫೋನು ಅದರ ಪಕ್ಕ ಡೊಳ್ಳು ಬಾರಿಸಿದ ಹಾಗೆ. ಮಕ್ಕಳಿಗೆ ಇದನ್ನು ಕಾರಿನಲ್ಲೇ ಹೇಳಿ ಒಪ್ಪಿಸಿಕೊಳ್ಳಿ. ಹೊರಡುವ ಮುಂಚೆ ಅವರ ವೆಬ್‌ಸೈಟಿನಲ್ಲಿ ಆ ವರ್ಷದ ದಿನ, ಸಮಯ ನೋಡಿಕೊಳ್ಳಿ.

ಫೆಬ್ರವರಿ 19ರ ಶಿವಜಯಂತಿಗೆ ಶಿವನೇರಿಗೆ ಹೋಗೋಣ ಅಂತ ನಿಮಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಶಿವಾಜಿ ಮಹಾರಾಜರು 1630ರಲ್ಲಿ ಹುಟ್ಟಿದ ಕೋಟೆ ಅದು, ಜುನ್ನರಿನ ಪಕ್ಕದಲ್ಲೇ. ಆ ದಿನ ಮೇಲೆ ತೊಟ್ಟಿಲು ತೂಗುತ್ತಾರೆ, ಮುಖ್ಯಮಂತ್ರಿ ಬರುತ್ತಾರೆ, ನೋಡಲು ಎರಡು ಕಣ್ಣು ಸಾಲದು, ನಿಜ. ನಾವೂ ಒಂದು ಸಲ ಆ ಉಮೇದಿನಲ್ಲಿ ಹೋದೆವು. ಕಾರು ಎಲ್ಲೋ ದೂರ ಬಿಟ್ಟು ನಡೆದೆವು, ಅಪ್ಪ ಎರಡನೇ ಬಾಗಿಲ ಹತ್ತಿರವೇ ಕೂತುಬಿಟ್ಟರು (ಒಟ್ಟು ಏಳು ಬಾಗಿಲಿವೆ), ಮಗಳು ಜನರ ಕಾಲು ಬಿಟ್ಟು ಬೇರೇನೂ ನೋಡಲಿಲ್ಲ. ಕೋಟೆಯನ್ನು ಬೇರೆ ದಿನ ಬೆಳಿಗ್ಗೆ ಹತ್ತಿ. ಶಿವಾಯಿ ದೇವಿ ಗುಡಿ, ಹುಟ್ಟಿದ ಮನೆ, ನೀರಿನ ಟಾಕಿಗಳು, ಬಾಲ ಶಿವಾಜಿ ಜೊತೆ ಜೀಜಾಬಾಯಿ ಇರುವ ಮೂರ್ತಿ, ಎಲ್ಲ ನಿಧಾನಕ್ಕೆ ನೋಡಬಹುದು. ನಿಮ್ಮ ಮಾವನಿಗೆ ಒಂದು ಮಾತು ಹೇಳಿ: ಮಗ ಹುಟ್ಟಿದ್ದು ಇಲ್ಲಿ, ಅಪ್ಪ ಶಹಾಜಿಯ ಸಮಾಧಿ ಇರುವುದು ನಮ್ಮ ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿ.

ಆದರೆ ಆ ಹಬ್ಬದಲ್ಲಿ ಒಂದು ದೃಶ್ಯ ಕೋಟೆ ಹತ್ತದೆಯೂ ಸಿಗುತ್ತದೆ. 18ರ ರಾತ್ರಿಯಿಂದ ಊರೂರಿನ ಹುಡುಗರು ಶಿವನೇರಿಯಲ್ಲಿ ಪಂಜು ಹೊತ್ತಿಸಿಕೊಂಡು ಅದು ಆರದ ಹಾಗೆ ಸರದಿಯಲ್ಲಿ ಓಡುತ್ತಾ ತಮ್ಮೂರಿಗೆ ಒಯ್ಯುತ್ತಾರೆ. ಕೆಲವರು ಬರಿಗಾಲು. ನಸುಕಿನಲ್ಲಿ ಹೆದ್ದಾರಿ ಬದಿ ಒಂದರ ಹಿಂದೊಂದು ಪಂಜು ಬರುವುದನ್ನು ನೋಡಿ ಮಗಳು ಕಾರು ನಿಲ್ಲಿಸು ಅಂತ ಹಟ ಮಾಡಿದಳು. ಆ ಹೊತ್ತಿನಲ್ಲಿ ಡ್ರೈವ್ ಮಾಡುತ್ತಿದ್ದರೆ ಮಾತ್ರ ತುಂಬಾ ನಿಧಾನ.

ದೇವಸ್ಥಾನಕ್ಕೆ ಅಂದರೆ, ಮಹಾರಾಷ್ಟ್ರದ ಎಂಟು ಹೆಸರಾಂತ ಗಣಪತಿ ಗುಡಿಗಳಾದ ಅಷ್ಟವಿನಾಯಕದಲ್ಲಿ ಎರಡು ಇಲ್ಲೇ ಸಿಗುತ್ತವೆ. ಓಝರಿನ ವಿಘ್ನೇಶ್ವರ ಸಮತಟ್ಟು ಜಾಗ, ಹಿರಿಯರಿಗೆ ಸಲೀಸು. ಲೇಣ್ಯಾದ್ರಿಗೆ ಸುಮಾರು ಮುನ್ನೂರು ಮೆಟ್ಟಿಲು. ಗಣಪತಿ ಇರುವುದು ಬೌದ್ಧರು ಕೊರೆದ ಗುಹೆಯೊಳಗೆ, ಮಂಡಿ ನೋವಿದ್ದವರಿಗೆ ಬೇಡ.

ಯುಗಾದಿಗೆ ಊರಿಗೆ ಹೋಗದೆ ಪುಣೆಯಲ್ಲೇ ಉಳಿದರೆ ಆ ಆಸುಪಾಸಿನಲ್ಲಿ ನಾರಾಯಣಗಾಂವಿಗೆ ಒಂದು ಸುತ್ತು ಹಾಕಿ. ಪುಣೆಯವರಲ್ಲೂ ಬಹಳ ಜನ ಇದನ್ನು ನೋಡಿಲ್ಲ. ಗುಡಿ ಪಾಡವಾ (ಮರಾಠಿಗರ ಯುಗಾದಿ) ಬಂತೆಂದರೆ ತಮಾಶಾ, ಅಂದರೆ ಹಾಡು ಕುಣಿತದ ಮರಾಠಿ ಜಾನಪದ ಆಟದ ಮೇಳಗಳು ಇಲ್ಲಿ ರಾಹುಟಿ, ಅಂದರೆ ಡೇರೆ ಹಾಕಿ ಕೂರುತ್ತವೆ. ಪ್ರತಿ ರಾಹುಟಿಗೂ ಮೇಳದ ಹೆಸರಿನ ಬೋರ್ಡು. ಹಳ್ಳಿಯ ಹಿರಿಯರು ಗುಂಪುಗುಂಪಾಗಿ ಬಂದು ತಮ್ಮ ಜಾತ್ರೆಗೆ ಯಾವ ಮೇಳ, ಎಷ್ಟು ಸುಪಾರಿ ಅಂತ ಚೌಕಾಸಿ ಮಾಡುತ್ತಾರೆ. (ಸುಪಾರಿ ಅಂದರೆ ಬುಕಿಂಗ್, ಗಾಬರಿಯಾಗಬೇಡಿ.) ಹೆಸರಾಂತ ತಮಾಶಾ ಕಲಾವಿದೆ ವಿಠಾಬಾಯಿ ನಾರಾಯಣಗಾಂವಕರ್ ಅವರ ಊರು ಇದು. ರಂಗದ ನಡುವೆಯೇ ಹೆರಿಗೆ ನೋವು ಬಂದಾಗ ಹಿಂದೆ ಹೋಗಿ ಹೆತ್ತು, ಕಲ್ಲಿನಿಂದ ಹೊಕ್ಕುಳಬಳ್ಳಿ ಕಡಿದು ಮತ್ತೆ ಕುಣಿಯಲು ಬಂದರು ಅಂತ ಇಲ್ಲಿ ಈಗಲೂ ಹೇಳುತ್ತಾರೆ. ತಮಾಶಾ ಅಂದರೆ ಮನೆಮಂದಿ ನೋಡುವಂಥದ್ದಲ್ಲ ಅಂತ ನನ್ನ ಹೆಂಡತಿಯೂ ಅಂದುಕೊಂಡಿದ್ದಳು. ಹಳ್ಳಿ ಜಾತ್ರೆಯ ಆಟದಲ್ಲಿ ಮೊದಲು ಗಣ, ಅಂದರೆ ಗಣಪತಿ ಸ್ತುತಿ, ಆಮೇಲೆ ಗವಳಣ. ಕೃಷ್ಣ ಮತ್ತು ಅವನ ಗೆಳೆಯರು ಹಾಲು ಮಾರಲು ಹೊರಟ ಗೌಳಗಿತ್ತಿಯರನ್ನು ತಡೆದು ಕಾಡುವುದು. ನಮ್ಮ ಕಡೆಯ ಪಾರಿಜಾತ, ಸಣ್ಣಾಟದಂಥ ಬಯಲಾಟ ನೋಡಿದವರಿಗೆ ಇದೇನು ಹೊಸದಾ? ಅಪ್ಪ ಭಾಷೆ ಬಾರದೆಯೂ ಸರಿಯಾದ ಜಾಗದಲ್ಲೇ ನಗುತ್ತಿದ್ದರು. ತಡರಾತ್ರಿಯ ಭಾಗಕ್ಕೆ ಮಕ್ಕಳು ಹೇಗೂ ಮಲಗಿರುತ್ತಾರೆ, ಆಗ ಎದ್ದು ಬನ್ನಿ.

ಬೇಸಿಗೆಯ ಜಾತ್ರೆಗಳಲ್ಲಿ ಎತ್ತಿನ ಗಾಡಿ ಓಟ ಇರುತ್ತದೆ. ಸುಪ್ರೀಂ ಕೋರ್ಟ್ 2014ರಲ್ಲಿ ನಿಲ್ಲಿಸಿತ್ತು, 2021ರ ಕೊನೆಗೆ ಮತ್ತೆ ಬಿಟ್ಟಿತು. ನನಗೆ ಅಷ್ಟೇನೂ ಹಿಡಿಸಲಿಲ್ಲ. ಧೂಳು, ಗದ್ದಲ, ಎತ್ತು ಯಾವ ಕಡೆ ನುಗ್ಗುತ್ತದೋ ಅನ್ನುವ ಭಯ. ನೋಡಲೇಬೇಕು ಅಂದರೆ ದೂರದಲ್ಲಿ, ಎತ್ತರದ ಜಾಗದಲ್ಲಿ ನಿಲ್ಲಿ.

ಊಟಕ್ಕೆ ಮಾಸವಡಿ ಕೇಳಿ. ಹೆಸರು ಕೇಳಿ ಮೀನು ಅಂದುಕೊಂಡು ನಮ್ಮವ್ವ ತಟ್ಟೆ ಪಕ್ಕಕ್ಕೆ ಸರಿಸಿದ್ದಳು. ಪೂರ್ತಿ ಸಸ್ಯಾಹಾರ. ಕಡಲೆಹಿಟ್ಟು ಬೇಯಿಸಿ, ಒಳಗೆ ಎಳ್ಳು, ಒಣಕೊಬ್ಬರಿ ತುಂಬಿ ಸುತ್ತಿ ಕತ್ತರಿಸಿದರೆ ತುಂಡು ಮೀನಿನ ಹಾಗೆ ಕಾಣುತ್ತದೆ, ಅಷ್ಟೇ. ಜೊತೆಗೆ ಖಾರದ ರಸ್ಸಾ, ಸಜ್ಜೆ ರೊಟ್ಟಿ. ಮಕ್ಕಳಿಗೆ ರಸ್ಸಾ ಬೇರೆ ಬಟ್ಟಲಿನಲ್ಲಿ ಹಾಕಿಸಿಕೊಳ್ಳಿ.

ಎರಡು ಎಚ್ಚರಿಕೆ. ಜುನ್ನರ ತಾಲ್ಲೂಕಿನ ಕಬ್ಬಿನ ಗದ್ದೆಗಳಲ್ಲಿ ಚಿರತೆಗಳು ನಿಜವಾಗಿಯೂ ಇವೆ, ಮರಿ ಹಾಕುವುದೂ ಅಲ್ಲೇ. ತೋಟದ ಮನೆಯಲ್ಲಿ ಉಳಿದರೆ ಕತ್ತಲಾದ ಮೇಲೆ ಮಕ್ಕಳನ್ನು ಅಂಗಳದಲ್ಲಿ ಒಂಟಿಯಾಗಿ ಬಿಡಬೇಡಿ. ಊರವರು ಹೇಳಿದರೆ ಸುಮ್ನೆ ಹೆದರಿಸುತ್ತಿದ್ದಾರೆ ಅಂದುಕೊಳ್ಳಬೇಡಿ.

ಇನ್ನೊಂದು, ದಾರಿಯಲ್ಲಿ ಸಿಗುವ ಕಾರ್ಖಾನೆಗಳ ಊರು ಚಾಕಣ್. ದೂರ ಬರೀ 75 ಕಿಲೋಮೀಟರ್ ಅಂತ ಮ್ಯಾಪ್ ನೋಡಿ ಹತ್ತು ಗಂಟೆಗೆ ಹೊರಟರೆ ಲಾರಿಗಳ ಹಿಂದೆ ಕೂತು ಮಧ್ಯಾಹ್ನ ಮಾಡುತ್ತೀರಿ. ಬೆಳಿಗ್ಗೆ ಆರಕ್ಕೆ ಭೋಸರಿ ದಾಟಿರಬೇಕು. ವಾಪಸ್ ಬರುವಾಗ ದ್ರಾಕ್ಷಿ ಪೆಟ್ಟಿಗೆಯನ್ನು ಡಿಕ್ಕಿಯಲ್ಲಿ ಸ್ಟೆಪ್ನಿ ಪಕ್ಕ ತುರುಕಬೇಡಿ, ಹಿಂದಿನ ಸೀಟಿನಲ್ಲಿ ಯಾರ ತೊಡೆ ಮೇಲಾದರೂ ಇಡಿ. ನಾವು ಹತ್ತು ಕಿಲೋ ತಂದೆವು, ಚಾಕಣ್‌ನಲ್ಲಿ ಎರಡು ಗಂಟೆ ಬ್ರೇಕ್ ಹಾಕುತ್ತಾ ಬಿಡುತ್ತಾ ಬಂದೆವು, ಮನೆಗೆ ಬಂದು ಡಿಕ್ಕಿ ತೆಗೆದರೆ ಅರ್ಧ ಪೆಟ್ಟಿಗೆ ರಸ. ಕುಡಿಯದ ಮನೆಯವರ ಕಾರು ಬೇಸಿಗೆಯಿಡೀ ವೈನ್ ವಾಸನೆ ಹೊಡೆಯಿತು.